ಜಟ್ಟೆಪ್ಪನ ಜೀರಿಗೆ ನೀರು

ದೊಡವಾಡದಲ್ಲಿ ಎತ್ತು ಮೇವು ಬಿಟ್ಟರೆ, ಎಮ್ಮೆ ಹಿಂಡಗೊಡದಿದ್ದರೆ ಜನ ಮೊದಲು ಹುಡುಕುವುದು ಜಟ್ಟೆಪ್ಪನನ್ನು. ಮೂವತ್ತು ವರ್ಷದಿಂದ ಹೀಗೇ. ಕಿವಿ ಮುಟ್ಟಿ, ಬಾಲ ಎತ್ತಿ ನೋಡಿ ಮದ್ದು ಹೇಳಿಬಿಡುತ್ತಾನೆ. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಹೊಗಳಿದರೆ ಮಾತ್ರ ಬೇಡ ಅನ್ನುವುದಿಲ್ಲ.

ಅಂಥವನ ಮನೆಯ ನಾಯಿ ಚಿಗರಿ ಯುಗಾದಿಯ ಹೊತ್ತಿಗೆ ಕೆಂಪಗೆ ಉಚ್ಚೆ ಹೊಯ್ಯತೊಡಗಿತು. "ಉಷ್ಣ ಆಗೈತಿ" ಎಂದ ಜಟ್ಟೆಪ್ಪ, ಜೀರಿಗೆ ನೀರು ಕುಡಿಸಿದ, ಮಜ್ಜಿಗೆ ಕುಡಿಸಿದ. ನಾಲ್ಕು ದಿನ ಕೆಂಪು ಹೋಗುತ್ತಿತ್ತು, ಐದನೆಯ ದಿನ ಮತ್ತೆ ಬರುತ್ತಿತ್ತು. ಹೋದದ್ದು ತನ್ನ ಮದ್ದಿನಿಂದ, ಬಂದದ್ದು ಬಿಸಿಲಿನಿಂದ ಎಂದುಕೊಂಡ. ಹೆಂಡತಿ ಮಹಾನಂದಾ "ಡಾಕ್ಟರಿಗೆ ತೋರಸ್ರಿ" ಅಂದಾಗಲೆಲ್ಲ ಅವನಿಗೆ ಸಿಟ್ಟು. ಊರ ದನಕ್ಕೆಲ್ಲ ಮದ್ದು ಕೊಡುವವನು ತನ್ನ ನಾಯಿಯನ್ನು ಡಾಕ್ಟರ ಬಾಗಿಲಿಗೆ ಒಯ್ಯುವುದೆ?

ಹಾಗೇ ಮೂರು ತಿಂಗಳು ಕಳೆದವು. ಉಚ್ಚೆ ಹನಿಹನಿಯಾದಾಗ ಹೆದರಿ, ಟಂಟಂ ರಿಕ್ಷಾ ಹತ್ತಿಸಿ ಧಾರವಾಡದ ದನದ ಆಸ್ಪತ್ರೆಗೆ ಒಯ್ದ.

ಅಲ್ಲಿನ ಡಾಕ್ಟರ್ ಮಂಜುಳಾ ಮೊದಲು ಸಾದಾ ಎಕ್ಸರೇ ತೆಗೆದರು. ಮೂತ್ರಚೀಲದಲ್ಲಿ ಹರಳು ಇರಲಿಲ್ಲ.

"ನಾ ಹೇಳಿದ್ದಿಲ್ಲೇನ್ರಿ? ಬರೇ ಉಷ್ಣ!" ಜಟ್ಟೆಪ್ಪ ಮೀಸೆ ಸವರಿಕೊಂಡ.

"ಸಾದಾ ಎಕ್ಸರೇದಾಗ ಎಲ್ಲಾ ಕಾಣಂಗಿಲ್ಲರಿ. ಎಕ್ಸರೇದಾಗ ಬೆಳ್ಳಗ ಕಾಣೂ ಔಷಧ ತುಂಬಿ ತಗದ್ರ ಮೂತ್ರಚೀಲದ ಒಳಗಿಂದು ತಿಳಿತೈತಿ."

ಚಿಗರಿಗೆ ಮತ್ತು ಬರಿಸಿ, ಸಣ್ಣ ನಳಿಕೆಯಿಂದ ಇದ್ದ ಉಚ್ಚೆ ತೆಗೆದು, ಅದೇ ನಳಿಕೆಯಲ್ಲಿ ಔಷಧ ಬಿಟ್ಟು ಮತ್ತೆ ಎಕ್ಸರೇ ತೆಗೆದರು. ಈ ಸಲ ಮೂತ್ರಚೀಲ ಬೆಳ್ಳಗೆ ತುಂಬಿಕೊಂಡು ಕಂಡಿತು. ಆದರೆ ಉಚ್ಚೆ ಹೊರಬೀಳುವ ಕಡೆ, ಅಂಚು ಕಚ್ಚಿದ ರೊಟ್ಟಿಯ ಹಾಗೆ, ಬಿಳುಪು ಇರಲಿಲ್ಲ.

"ಅಲ್ಲಿ ಮಾಂಸದ ಗಡ್ಡಿ ಬೆಳದೈತಿ. ಅದಕ್ಕ ಔಷಧ ತುಂಬಿಲ್ಲ. ಇಷ್ಟು ಬೆಳದ ಮ್ಯಾಲ ಆ ಜಾಗಾದಾಗ ಕೊಯ್ದು ತಗಿಯಾಕ ಬರಂಗಿಲ್ಲರಿ. ನೋವಿಗೆ ಗುಳಗಿ ಕೊಡತೇನಿ."

"ಮೂರು ತಿಂಗಳ ಹಿಂದ ತಂದಿದ್ರ?"

ಡಾಕ್ಟರ್ "ಆಗ ಸಣ್ಣದಿರತಿತ್ತು" ಎಂದರು.

ಬೈದಿದ್ದರೆ ಜಟ್ಟೆಪ್ಪ ತಿರುಗಿ ಏನಾದರೂ ಅನ್ನುತ್ತಿದ್ದ. ಅವರು ಬೈಯಲಿಲ್ಲ.

ಸಂಜೆ ಊರಿಗೆ ಬಂದರೆ ಕಟ್ಟೆಯ ಮೇಲೆ ನೆರೆಮನೆಯ ದುಂಡಪ್ಪ ಕಾಯುತ್ತ ಕೂತಿದ್ದ.

"ಜಟ್ಟೆಪ್ಪಣ್ಣ, ನಮ್ಮ ಎತ್ತು ಮುಂಜಾನಿಂದ ಕೆಂಪಗ ಉಚ್ಚಿ ಹೊಯ್ಯಾಕ ಹತ್ತೇತಿ. ಜೀರಿಗಿ ನೀರು ಎಷ್ಟು ಹಾಕಲಿ?"

"ಬ್ಯಾಡ. ಡಾಕ್ಟರಿಗೆ ತೋರ್ಸು."

"ನೀ ಇರೂವಾಗ ಡಾಕ್ಟರ್ ಯಾಕ ಬೇಕು?" ತಮಾಷೆಯೆಂದುಕೊಂಡು ದುಂಡಪ್ಪ ನಕ್ಕ.

ಜಟ್ಟೆಪ್ಪ ಬೇವಿನ ಮರದ ಬುಡಕ್ಕೆ ಕೈ ತೋರಿಸಿದ. ಅಲ್ಲಿ ಚಿಗರಿ ಉಚ್ಚೆಗೆ ಕೂತಿತ್ತು. ಉಚ್ಚೆ ಬಾರದೆ ಎಷ್ಟು ಹೊತ್ತಾದರೂ ಏಳಲಿಲ್ಲ. ದುಂಡಪ್ಪನ ಹಾಗೇ ಅದೂ ಜಟ್ಟೆಪ್ಪನ ಮುಖವನ್ನೇ ನೋಡುತ್ತಿತ್ತು.