ನಡುವೆ ಕೂತವಳು

ನಾನು ಮೊದಲ ಸಲ ಹೋದಾಗ ಚಲುವಮ್ಮ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನನ್ನ ಕೊರಳಲ್ಲಿದ್ದ ಗುರುತಿನ ಚೀಟಿ ನೋಡಿದವರೇ ಸೆರಗು ಸರಿಮಾಡಿಕೊಂಡು ಗೋಡೆಗೆ ಒರಗಿ ಕೂತರು.

"ಈ ವರ್ಸ ನೀನಾ? ಕೂತ್ಕೊ ತಾಯಿ. ಪೋಟೋ ಮೊದ್ಲಾ, ಮಾತು ಮೊದ್ಲಾ?"

ನಾನಾಗ ನಂಜನಗೂಡಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಪದವಿಯ ಕೊನೆಯ ವರ್ಷದವರಿಗೆಂದೇ ಒಂದು ಟ್ರಸ್ಟ್ ನಡೆಸುವ ಸಾರ್ವಜನಿಕ ನೀತಿ ಫೆಲೋಶಿಪ್‌ಗೆ ಆಯ್ಕೆಯಾಗಿದ್ದೆ. ಒಂದು ಹಳ್ಳಿಯಲ್ಲಿದ್ದು, ಒಂದು ಸಮಸ್ಯೆ ಹಿಡಿದು, ಸರ್ಕಾರ ಏನು ಮಾಡಬಹುದೆಂದು ಶಿಫಾರಸು ಬರೆಯಬೇಕು. ಬಂದವುಗಳಲ್ಲಿ ಗಟ್ಟಿಯಾದ ಒಂದನ್ನು ಟ್ರಸ್ಟ್ ಜಿಲ್ಲಾ ಪಂಚಾಯಿತಿಗೆ ಕಳಿಸುತ್ತದೆ. ಸೋಮನಾಥಪುರದ ರಸ್ತೆಯಿಂದ ಒಳಗೆ, ನಾಲೆ ದಾಟಿದರೆ ಸಿಗುವ ಈ ಹಳ್ಳಿಗೆ ವರ್ಷಕ್ಕೊಬ್ಬರು ಬರುತ್ತಿದ್ದರು. ಬಂದವರೆಲ್ಲ ಚಲುವಮ್ಮನವರ ಎದುರು ಕೂರುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅವರ ಮಗಳು ರೋಜಾ ಹಾವು ಕಚ್ಚಿ ಸತ್ತಿದ್ದಳು.

ಮಾತು ಶುರುವಾದೊಡನೆ ಅವರ ದನಿ ಬದಲಾಯಿತು.

"ಅಂದು ಸಂಜೆ ಗದ್ದೆಯಲ್ಲಿ ಕಳೆ ಕೀಳುವಾಗ ಹಾವು ನನ್ನ ಮಗಳ ಪಾದಕ್ಕೆ ಕಚ್ಚಿತು. ನಮ್ಮ ಗ್ರಾಮದಲ್ಲಿ ವಾಹನ ಸೌಲಭ್ಯ ಇರಲಿಲ್ಲ. ಮಗ ಬೈಕ್ ತೆಗೆದ. ಮಗಳನ್ನು ನಡುವೆ ಕೂರಿಸಿಕೊಂಡು ನಾನು ಹಿಂದೆ ಕೂತೆ. ಅವಳು ದಾರಿಯುದ್ದಕ್ಕೂ ಮಾತನಾಡುತ್ತಿದ್ದಳು. ಆಸ್ಪತ್ರೆಯ ಬಾಗಿಲಲ್ಲಿ ಪ್ರಾಣ ಹೋಯಿತು. ಆಂಬುಲೆನ್ಸ್ ಇದ್ದಿದ್ದರೆ ನನ್ನ ಮಗಳು ಉಳಿಯುತ್ತಿದ್ದಳು."

ಮಾಮೂಲಿ ಮಾತಿನಲ್ಲಿ ಆವು ಎನ್ನುವವರು ಇಲ್ಲಿ ಹಾವು ಎಂದರು. ಹಿಂದೆ ಬಂದ ಯಾವಳೋ ತನ್ನ ವರದಿಯನ್ನು ಇವರ ಬಾಯಿಂದ ಓದುತ್ತಿದ್ದಾಳೆ ಅನ್ನಿಸಿತು. ಕೈ ಮಾತ್ರ ಕಾಯಿ ಬಿಡಿಸುತ್ತಲೇ ಇತ್ತು.

"ಆಯ್ತು. ಕಾಪಿ ಕುಡೀತೀಯಾ?" ಎಂದರು.

ಅವರ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಅವರ ಜೊತೆ ಗದ್ದೆಗೆ ಹೋಗುತ್ತಿದ್ದೆ. ಕಳೆ ಕೀಳುವ ಸಾಲಿನಲ್ಲಿ ಚಲುವಮ್ಮನವರಿಗೆ ಒಂದು ಹೆಸರಿತ್ತು: ಯಾರ ದನಿಯನ್ನಾದರೂ ಹಾಗೇ ಇಳಿಸಿಬಿಡುತ್ತಿದ್ದರಂತೆ. ಡೇರಿ ಶಿವಣ್ಣನ ದನಿಯಲ್ಲಿ "ಆಲಿಗೆ ನೀರಾಕಿದ್ದೀರಾ" ಅಂದರೆ ಹೆಂಗಸರು ನಿಜಕ್ಕೂ ಬೆಚ್ಚಿ ತಿರುಗುತ್ತಿದ್ದರಂತೆ.

"ಚಲುವಕ್ಕ, ಒಂದ್ಸಲ ಶಿವಣ್ಣನ್ ತರ ಮಾಡಕ್ಕ, ಈ ಕೂಸು ಕೇಳ್ಲಿ," ಎಂದು ಗುರುಸಿದ್ದಮ್ಮ ಕೆಣಕಿದರು.

"ಶಿವಣ್ಣನ್ ಬೇಕಾದ್ರೆ ಡೇರಿಗೋಗು. ಅಲ್ಲವ್ನೆ, ಪುಕ್ಕಟೆ ಬೈತಾನೆ."

ಸಾಲೆಲ್ಲ ನಕ್ಕಿತು. ಚಲುವಮ್ಮ ಬಗ್ಗಿ ಕಳೆ ಕಿತ್ತರು. ಮಗಳು ಹೋದ ಮೇಲೆ ಅವರು ಯಾರ ದನಿಯನ್ನೂ ಮಾಡಿಲ್ಲ ಎಂದು ಗುರುಸಿದ್ದಮ್ಮ ಆಮೇಲೆ ನನಗೆ ಹೇಳಿದರು.

ಮಗ ಸಿದ್ದು ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸದಲ್ಲಿದ್ದ. ಒಂದು ಸಂಜೆ ಅವನನ್ನು ಕೇಳಿದೆ, ಅಕ್ಕ ದಾರಿಯಲ್ಲಿ ಏನು ಹೇಳಿದಳು ಎಂದು.

"'ಮೆತ್ತುಗ್ ಓಡ್ಸು ಕಣೋ, ಅವ್ವ ಬಿದ್ದೋಯ್ತದೆ' ಅಂದ್ಲು ಮೇಡಂ. ಆಸ್ಪತ್ರೆ ಗೇಟ್ ಗಂಟ ಅದೇ. ನಾನು ಊಂ ಕಣಕ್ಕ, ಊಂ ಕಣಕ್ಕ ಅಂತಿದ್ದೆ." ಅವನು ಸ್ವಲ್ಪ ಜೋರಾಗಿಯೇ ಹೇಳಿದ. "ಅದೊಂದ್ ಮಾತ್ ಇಟ್ಕೊಂಡೇ ಬದ್ಕಿವ್ನಿ."

ಒಳಗೆ ಮುದ್ದೆ ತೊಳಸುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಭಾನುವಾರ ನಾನು ನನ್ನೂರು ಹೆಡತಲೆಗೆ ಹೊರಟೆ. ನರಸೀಪುರದ ಬಸ್ ಸ್ಟ್ಯಾಂಡಿನವರೆಗೆ ಬಿಡುತ್ತೇನೆಂದು ಸಿದ್ದು ಬೈಕ್ ತೆಗೆದ. ಚಲುವಮ್ಮನಿಗೂ ಸಂತೆಯಲ್ಲಿ ಕೆಲಸವಿತ್ತು. ನಾನು ನಡುವೆ ಕೂತೆ, ಅವರು ಹಿಂದೆ. ಬಿಸಿಲು ಇಳಿದಿತ್ತು. ನಾಲೆಯ ನೀರು ಅಂಚಿನವರೆಗೆ ತುಂಬಿಕೊಂಡು, ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ ಹೊಳೆಯುತ್ತಿತ್ತು. ಬೈಕು ಸೇತುವೆ ಹತ್ತಿದಾಗ ನನ್ನ ಕಿವಿಯ ಹತ್ತಿರ ಒಂದು ಎಳೆಯ ಹೆಣ್ಣುದನಿ ಹೇಳಿತು:

"ಮೆತ್ತುಗ್ ಓಡ್ಸು ಕಣೋ."

ಸಿದ್ದು ತಿರುಗಲಿಲ್ಲ. ಬೈಕಿನ ವೇಗ ಇಳಿಸಿದ. "ಊಂ ಕಣಕ್ಕ," ಎಂದ, ದಿನವೂ ಹೇಳುವ ಮಾತಿನ ಹಾಗೆ.

ಬೈಕಿನ ಕನ್ನಡಿಯಲ್ಲಿ ಚಲುವಮ್ಮನ ಮುಖ ಕಂಡಿತು. ಅವರು ನೀರನ್ನು ನೋಡುತ್ತಿದ್ದರು. ತುಟಿ ಮುಚ್ಚಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಸಿದ್ದು ಪೆಟ್ರೋಲ್ ಹಾಕಿಸಲು ಹೋದ. ಚಲುವಮ್ಮ ನನ್ನ ಕೈ ಹಿಡಿದುಕೊಂಡರು.

"ಎದ್ರುಕೊಂಡ್ಯಾ ತಾಯಿ?"

ನಾನು ಬಂದ ದಾರಿಯ ಕಡೆ ತಿರುಗಿ ನೋಡಿದೆ.

"ಅವತ್ತು ನನ್ ಮಗ್ಳು ಸೇತುವೆ ತಾವ್ಲೇ ಓಗ್ಬುಟ್ಟಿದ್ಲು. ಕಣ್ಣೆವೆ ಎತ್ತಕ್ಕಾಗ್ದೆ, ನಾಲ್ಗೆ ಒರಳ್ದೆ, ತಲೆ ನನ್ನೆದೆ ಮ್ಯಾಲೆ ಬಿತ್ತು. ಸಿದ್ದಂಗೆ ಗೊತ್ತಾಗಿದ್ರೆ ಗಾಡಿ ಸಮೇತ ನಾಲೆಗೋಗೋನು. ಅದ್ಕೆ ನಾನೇ ಅವಳಂಗೆ ಮಾತಾಡ್ದೆ. ಆಸ್ಪತ್ರೆ ಬರೋ ಗಂಟ ಮಾತಾಡ್ದೆ." ಅವರು ಪೆಟ್ರೋಲ್ ಬಂಕಿನ ಕಡೆ ನೋಡಿದರು. "ಅವುನ್ಗೆ ಗೊತ್ತಿಲ್ಲ. ಗೊತ್ತಾಗ್ಬಾರ್ದು."

"ಈಗ ಸೇತುವೆ ಮೇಲೆ ಮಾತಾಡಿದ್ದೂ..." ಎಂದು ಕೇಳಹೊರಟೆ.

ಅವರು ನನ್ನ ಕೈ ಬಿಟ್ಟು ಸಂತೆಯ ಚೀಲ ಕೊಡವಿಕೊಂಡರು.

ಬಸ್ಸಿನಲ್ಲಿ ಕೂತಾಗ ತಿಳಿಯಿತು, ಇಷ್ಟು ವರ್ಷದ ವರದಿಗಳೆಲ್ಲ ತಪ್ಪು. ರೋಜಾ ಆಸ್ಪತ್ರೆಯ ಬಾಗಿಲವರೆಗೆ ಬದುಕಿದ್ದಳೆಂದು ನಂಬಿ ಎಲ್ಲರೂ ಆಂಬುಲೆನ್ಸ್ ಕೇಳಿದ್ದರು. ಸೇತುವೆಯಲ್ಲೇ ಸತ್ತವಳನ್ನು ಯಾವ ವಾಹನವೂ ಉಳಿಸುತ್ತಿರಲಿಲ್ಲ. ಹಾವಿನ ವಿಷಕ್ಕೆ ಔಷಧಿ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಇರಬೇಕಿತ್ತು. ಅದೇ ಗದ್ದೆಗೆ ಹೆಂಗಸರು ಇವತ್ತೂ ಬರಿಗಾಲಲ್ಲಿ ಇಳಿಯುತ್ತಾರೆ. ಆದರೆ ಕಾರಣ ಬರೆದರೆ ಸಿದ್ದುವಿಗೆ ತಿಳಿಯುತ್ತದೆ. ಅವನ ಬಳಿ ಉಳಿದಿದ್ದ ಆ ಒಂದು ಮಾತೂ ಹೋಗುತ್ತದೆ.

ವಾಪಸ್ ಹೋಗಿ, ಏನು ಬರೆಯಲಿ ಎಂದು ಚಲುವಮ್ಮನನ್ನೇ ಕೇಳಿದೆ. ಅವರು ಬಹಳ ಹೊತ್ತು ಒಲೆ ಊದಿದರು.

"ಮದ್ದು ಊರಲ್ಲೇ ಇರ್ಬೇಕು ಅಂತ ಬರಿ. ಯಾಕೆ ಅಂತ ಬರೀಬ್ಯಾಡ."

ಹಾಗೆಯೇ ಬರೆದೆ.

ಶಿಫಾರಸು ಮಂಡಿಸುವ ದಿನ ನಂಜನಗೂಡಿನ ಸಭಾಂಗಣಕ್ಕೆ ಹಳ್ಳಿಯವರನ್ನೂ ಕರೆದಿದ್ದರು. ಹಿಂದಿನ ಸಾಲಿನಲ್ಲಿ ಚಲುವಮ್ಮ, ಪಕ್ಕದಲ್ಲಿ ಫ್ಯಾಕ್ಟರಿಯ ನೀಲಿ ಅಂಗಿಯಲ್ಲೇ ಬಂದಿದ್ದ ಸಿದ್ದು. ನಾನು ಓದಿ ಮುಗಿಸಿದೆ. ನಮಗೆ ಮಾರ್ಗದರ್ಶಕರಾಗಿದ್ದ ಶಿವಸ್ವಾಮಿ ಸರ್ ಕನ್ನಡಕ ತೆಗೆದರು.

"ಆ ಹುಡುಗಿ ಆಸ್ಪತ್ರೆ ತನಕ ಮಾತಾಡ್ತಿದ್ಲು ಅಂತ ಹಿಂದಿನವರೆಲ್ಲ ಬರೆದಿದ್ದಾರೆ. ನೀನು ವಾಹನದಿಂದ ಪ್ರಯೋಜನ ಇಲ್ಲ, ಔಷಧಿ ಊರಲ್ಲೇ ಬೇಕು ಅಂತೀಯ. ಆಧಾರ ಏನಮ್ಮ ವನಿತಾ?"

ಚಲುವಮ್ಮ ತಲೆ ತಗ್ಗಿಸಿದ್ದರು.

"ಇಲ್ಲ ಸರ್," ಎಂದೆ.

"ಆಧಾರ ಇಲ್ದೇ ಇರೋದನ್ನ ಕಳಿಸೋಕಾಗಲ್ಲ ತಾಯಿ." ಅವರು ಫೈಲ್ ಮುಚ್ಚಿದರು.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಸಿದ್ದು ಎದ್ದು ನಿಂತಿದ್ದ.

"ಈ ಮೇಡಂ ಬರ್ದಿರೋದು ಸರ್ಯಾಗೇ ಅದೆ ಸಾ. ಅಕ್ಕ ನಾಲೆ ಸೇತುವೆ ದಾಟೋವಾಗ್ಲೇ ಸತ್ತೋಗಿದ್ಲು. ನನ್ ಸೊಂಟ ಇಡ್ಕೊಂಡಿದ್ ಕೈ ಜಾರೋಯ್ತು. ನಂಗಾಗ್ಲೇ ಗೊತ್ತಾಯ್ತು."

"ಮತ್ತೆ ಮಾತಾಡಿದ್ದು?"

"ಅವ್ವ ಸಾ. ಅಕ್ಕನಂಗೇ ಮಾತಾಡ್ತಿತ್ತು. ಊಂ ಅನ್ನದೇ ಇದ್ರೆ ಅವ್ವ ಅಲ್ಲೇ ಬಿದ್ದು ಪ್ರಾಣ ಬಿಟ್ಬುಡ್ತದೆ ಅಂತ ನಾನೂ ಊಂ ಅಂದೆ. ಅವತ್ತಿಂದ ಅಂತಾನೇ ಇವ್ನಿ. ಈಗ್ಲೂ ಸೇತುವೆ ಮ್ಯಾಲೆ ಅವ್ವ ಅಂಗೇ ಮಾತಾಡ್ತದೆ, ನಾನು ಊಂ ಅಂತೀನಿ."

ಚಲುವಮ್ಮ ಮಗನ ಮುಖ ನೋಡಿದರು. ಅವರ ಕಣ್ಣು ತುಂಬಿತ್ತು. ಶಿವಸ್ವಾಮಿ ಸರ್ ಫೈಲನ್ನು ಮತ್ತೆ ಬಿಚ್ಚಿ, ಮೆಲ್ಲಗೆ ಕೇಳಿದರು.

"ಹೌದೇನಮ್ಮ? ನೀವೇನಾ ಮಾತಾಡಿದ್ದು?"

"ಅವತ್ತು ನಾನೇ ಸಾ," ಎಂದರು ಚಲುವಮ್ಮ. ಆಮೇಲೆ ಸರ್ ಕಡೆಗಲ್ಲ, ಸಿದ್ದುವಿನ ಕಡೆ ತಿರುಗಿದರು. "ಆದ್ರೆ ಅವತ್ತೊಂದ್ ದಿನವೇ ಕಣ್ ಮಗ. ಆಮ್ಯಾಕೆ ನಾನು ಸೇತುವೆ ಮ್ಯಾಲೆ ಬಾಯೇ ಬಿಟ್ಟಿಲ್ಲ. ನೀನ್ಯಾಕೆ ಊಂ ಅಂತೀಯ ಅಂತ ಕೇಳಕ್ಕೂ ನಂಗೆ ಭಯ."

ಸಿದ್ದು ನಿಂತೇ ಇದ್ದ.

ನನ್ನ ಶಿಫಾರಸು ಆ ವಾರವೇ ಜಿಲ್ಲಾ ಪಂಚಾಯಿತಿಗೆ ಹೋಯಿತು. ಸಭೆ ಮುಗಿದ ಆ ಸಂಜೆ ಮಾತ್ರ ಸಿದ್ದು ಬೈಕನ್ನು ಸಭಾಂಗಣದ ಹಿಂದೆಯೇ ಬಿಟ್ಟು ಬೀಗ ಹಾಕಿದ. ತಾಯಿ ಮಗ ಇಬ್ಬರೂ ನರಸೀಪುರದ ಬಸ್ ಹತ್ತಿ ಹೋದರು.