ದೊಡ್ಡಮ್ಮನಿಗೆ ಬರೆದ ಕೆಂಪು ಚೀಟಿ

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಹಾಪರಿನಲ್ಲಿ ಮಾವಿನ ಹಣ್ಣು ಸಿಕ್ಕಿಕೊಂಡದ್ದು ಆಗ. ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು.

ಕಳೆದ ವಾರ ಮುಳಬಾಗಿಲಿನ ಪಾತ್ರೆ ಅಂಗಡಿಯೊಂದರ ಬಾಗಿಲಲ್ಲಿ ಕಿತ್ತಳೆ ಬಣ್ಣದ ರಬ್ಬರ್ ಗ್ಲೌಸ್ ನೇತುಹಾಕಿದ್ದರು. ಬೆರಳುಗಳೆಲ್ಲ ಕೆಳಮುಖವಾಗಿ, ಗಾಳಿಗೆ ಸ್ವಲ್ಪ ಉಬ್ಬಿ... "ತಗೊಳ್ಳಿ ಮೇಡಂ, ಪಾತ್ರೆ ತೊಳೆದ್ರೆ ಕೈ ಹಾಳಾಗಲ್ಲ" ಎಂದ ಅಂಗಡಿಯವನು. ನಾನು ಏನು ಕೊಳ್ಳಲು ಬಂದಿದ್ದೆ ಎಂಬುದೇ ಮರೆತುಹೋಯಿತು. ರಸ್ತೆಯಲ್ಲಿ ನಿಂತಿದ್ದವಳಿಗೆ ಬೆಂದ ತೋತಾಪುರಿ ರಸದ ವಾಸನೆ ಬಂತು. ಮಾವಿನ ಕಾಲ ಮುಗಿದು ಮೂರು ತಿಂಗಳಾಗಿತ್ತು.

ಬಿ.ಎಸ್ಸಿ. ಮುಗಿಸಿ ಯಲ್ದೂರಿನ ಮನೆಯಲ್ಲಿ ಕುಳಿತಿದ್ದ ನನ್ನನ್ನು ಶ್ರೀನಿವಾಸಪುರದ ಹೊರಗಿದ್ದ ಮಾವಿನ ರಸದ ಕಾರ್ಖಾನೆಗೆ ಸೇರಿಸಿದವರು ನಮ್ಮ ಬೀದಿಯ ದೊಡ್ಡಮ್ಮ. ರಕ್ತಸಂಬಂಧವೇನಿಲ್ಲ, ಬೀದಿಯ ಮಕ್ಕಳಿಗೆಲ್ಲ ಅವರು ದೊಡ್ಡಮ್ಮನೇ. ಒಂಬತ್ತು ಸೀಸನ್ನಿನಿಂದ ಅಲ್ಲಿ ಹಾಪರಿನ ಮುಂದೆ ನಿಂತವರು. "ಓದಿರೋ ಹುಡುಗಿ ಸಾರ್, ಬಿಸಿಲಿಗೆ ನಿಲ್ಲಿಸಬ್ಯಾಡಿ" ಎಂದು ಮ್ಯಾನೇಜರಿಗೆ ಹೇಳಿದ್ದರಂತೆ. ನಿಲ್ಲಿಸಲಿಲ್ಲ. ಕೈಗೊಂದು ಚೀಟಿಗಳ ಕಟ್ಟು ಕೊಟ್ಟರು.

ಆ ವರ್ಷ ಹೊಸ ಪದ್ಧತಿ ಬಂದಿತ್ತು. ಅಪಘಾತಕ್ಕೆಲ್ಲ ಕೆಲಸಗಾರರ ನಡವಳಿಕೆಯೇ ಕಾರಣ, ಅದನ್ನು ತಿದ್ದಿದರೆ ಸಾಕು ಎಂದು ನನಗೆ ಎರಡು ದಿನ ತರಬೇತಿ ಕೊಟ್ಟರು. ಎಲ್ಲರನ್ನೂ ಗಮನಿಸುತ್ತ ತಿರುಗುವುದು ನನ್ನ ಕೆಲಸ. ಟೋಪಿ, ಬೂಟು, ಗ್ಲೌಸ್ ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. ಕೆಂಪು ಬಂದವರ ಫೋಟೋವನ್ನು ನನ್ನ ಫೋನಿನಲ್ಲೇ ತೆಗೆಯಬೇಕು. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಊಟದ ಕೋಣೆಯ ಬಾಗಿಲಿಗೆ ಅಂಟಿಸುತ್ತಿದ್ದರು. ಮೇಲೆ ಕೆಂಪಕ್ಷರದಲ್ಲಿ, 'ಇವರಂತೆ ಆಗಬೇಡಿ'.

ಹಾಪರ್ ಎಂದರೆ ಹಣ್ಣು ಸುರಿಯುವ ಉಕ್ಕಿನ ಅಗಲ ಬಾಯಿ. ತಳದಲ್ಲಿ ತೋಳಿನಷ್ಟು ದಪ್ಪದ ತಿರುಪು ತಿರುಗುತ್ತ ಹಣ್ಣನ್ನು ಒಳಕ್ಕೆಳೆಯುತ್ತದೆ. ಮೇಲಿನ ಜಾಲರಿ ಮುಚ್ಚಳ ಎತ್ತಿದರೆ ಪಕ್ಕದ ಸ್ವಿಚ್ಚು ಬಿಟ್ಟುಕೊಂಡು ಯಂತ್ರ ನಿಲ್ಲಬೇಕು. ನಿಲ್ಲುತ್ತಿರಲಿಲ್ಲ. ಸೀಸನ್ನಿನ ಮೊದಲ ದಿನದ ಪೂಜೆಯಲ್ಲಿ ಫಿಟ್ಟರ್ ಆ ಸ್ವಿಚ್ಚನ್ನು ಒತ್ತಿಹಿಡಿದು ಅರಿಶಿನದ ದಾರ ಸುತ್ತಿಬಿಟ್ಟಿದ್ದ. ಅದರ ಮೇಲೊಂದು ನಿಂಬೆಹಣ್ಣು, ಕುಂಕುಮ. ಯಂತ್ರ ಒಮ್ಮೆ ನಿಂತರೆ ಮತ್ತೆ ಶುರುವಾಗಲು ಹೊತ್ತು ಹಿಡಿಯುತ್ತದೆ, ಹೊರಗೆ ಲಾರಿಗಳ ಸಾಲು ಕಾಯುತ್ತಿರುತ್ತದೆ. ಬೇರೆ ದಾರವಾಗಿದ್ದರೆ ಯಾರಾದರೂ ಕತ್ತರಿಸಿಯಾರು. ಪೂಜೆಯ ದಾರಕ್ಕೆ ಕತ್ತರಿ ಹಾಕುವವರು ಯಾರು? ನಾನೂ ಬೆಳಿಗ್ಗೆ ಹೋದಕೂಡಲೇ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಅದು ಅಲ್ಲಿ ಯಾಕಿದೆ ಎಂಬುದು ವಾರದೊಳಗೆ ತಿಳಿಯಿತು. ತಿಳಿದ ಮೇಲೂ ಕಣ್ಣಿಗೊತ್ತಿಕೊಂಡೆ. ನನ್ನ ಚೀಟಿಯಲ್ಲಿ ಟೋಪಿಗೆ ಜಾಗವಿತ್ತು, ಬೂಟಿಗಿತ್ತು. ದಾರಕ್ಕಿರಲಿಲ್ಲ.

ಹಣ್ಣು ಸಿಕ್ಕಿಕೊಂಡಾಗ ದೊಡ್ಡಮ್ಮ ಮುಚ್ಚಳ ಎತ್ತಿ ಬರಿಗೈಯಲ್ಲೇ ದೂಡುತ್ತಿದ್ದರು. ನಾನು ನೋಡಿಯೂ ಹಸಿರನ್ನೇ ಬರೆಯುತ್ತಿದ್ದೆ. ಒಂದು ದಿನ ಮ್ಯಾನೇಜರ್ ಚೀಟಿಗಳನ್ನು ಮೇಜಿನ ಮೇಲೆ ಹರಡಿ, "ನಿಮ್ಮೂರೋರಿಗೆಲ್ಲ ಹಸಿರೇನಮ್ಮಾ? ನಿನ್ನ ಕೆಲಸಕ್ಕೆ ಇಟ್ಕೊಂಡಿರೋದು ನೆಂಟಸ್ತನ ಬೆಳೆಸೋಕಾ?" ಎಂದರು. ಅಂದೇ ಮಧ್ಯಾಹ್ನ ಕೆಂಪು ಚೀಟಿ ಬರೆದು ದೊಡ್ಡಮ್ಮನ ಎದುರು ಫೋನ್ ಹಿಡಿದೆ. ಏನೆಂದುಕೊಂಡರೋ... ಮುಂಗೂದಲನ್ನು ಟೋಪಿಯೊಳಗೆ ಸೇರಿಸಿ, ರಸ ಸುರಿಯುವ ಎರಡೂ ಕೈ ಎತ್ತಿ ನಕ್ಕರು.

ಮರುದಿನ ಅದು ಬಾಗಿಲಲ್ಲಿತ್ತು.

"ಏಮಕ್ಕಾ, ಹೀರೋಯಿನ್ ಆಗ್ಬಿಟ್ಟೆ! ಯಾವ ಟಾಕೀಸಲ್ಲಿ ರಿಲೀಸು?" ಎಂದಳು ಹಣ್ಣು ತೊಳೆಯುವವಳೊಬ್ಬಳು. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ, ಬಾಯಿಗೆ ಕೈ ಅಡ್ಡ ಹಿಡಿದು. ದೊಡ್ಡಮ್ಮ ಮುರಿದಿದ್ದ ಮುದ್ದೆಯನ್ನು ಹಾಗೇ ಡಬ್ಬಿಯಲ್ಲಿಟ್ಟು ಮುಚ್ಚಿದರು.

ಸಂಜೆ ಬಸ್ಸಿನಲ್ಲಿ ಪಕ್ಕ ಕೂತು ಕೇಳಿದರು. "ಗ್ಲೌಸ್ ಹಾಕ್ಕೊಂಡ್ರೆ ಬಾಗಿಲಿಂದ ಆ ಫೋಟೋ ತೆಗೀತಾರೇನೇ?"

"ಹತ್ತು ಹಸಿರು ಬಂದ್ರೆ ತೆಗೀತಾರೆ ದೊಡ್ಡಮ್ಮ."

"ಬರಿಗೈಯಾದ್ರೆ ರಸಕ್ಕೆ ಜಾರ್ಕೊಂಡು ಈಚೆಗೆ ಬಂದ್ಬಿಡ್ತದೆ ಕಣೇ. ಗ್ಲೌಸು ಸಿಕ್ಕಾಕ್ಕೊಂತದೆ. ಅದೇ ಭಯ ನಂಗೆ."

"ರೂಲ್ಸು ಅಲ್ವಾ."

ಓದಿದವಳು ಹೇಳಿದೆನಲ್ಲ, ಒಪ್ಪಿಕೊಂಡರು.

ಏಳು ಹಸಿರು ಬಂದವು. ಎಂಟನೆಯದನ್ನು ನಾಲ್ಕು ಹೆಜ್ಜೆ ದೂರ ನಿಂತು ಬರೆಯುತ್ತಿದ್ದೆ. ಎರಡು ನಲವತ್ತಕ್ಕೆ ಹಣ್ಣು ಸಿಕ್ಕಿಕೊಂಡಿತು. ದೊಡ್ಡಮ್ಮ ಮುಚ್ಚಳ ಎತ್ತಿ, ಗ್ಲೌಸ್ ಹಾಕಿದ ಕೈಯನ್ನು ಒಳಗಿಟ್ಟರು. ಬೆರಳ ತುದಿಯ ರಬ್ಬರು ತಿರುಪಿಗೆ ಸಿಕ್ಕಿತು. ಅವರು ಕಿರುಚಲಿಲ್ಲ. "ಅಯ್ಯೋ, ಬಿಡು" ಎಂದರು, ಸೆರಗು ಹಿಡಿದ ಮಗುವಿಗೆ ಹೇಳುವ ಹಾಗೆ.

ಮೇನ್ ಸ್ವಿಚ್ಚು ದೂರದ ಗೋಡೆಯಲ್ಲಿತ್ತು. ನಾನು ಅಲ್ಲಿಗೆ ಓಡಲಿಲ್ಲ. ದಾರ ಕಿತ್ತರೆ ನಿಲ್ಲುತ್ತದೆಂದು ಹೊಳೆದು ಅದಕ್ಕೆ ಕೈಹಾಕಿದೆ. ಉಗುರಿನಿಂದ ಗಂಟು ಬಿಚ್ಚಲು ನೋಡಿದೆ, ಹಲ್ಲು ಹಾಕಿದೆ. ಗಂಟು ಬಿಗಿಯಾಗಿತ್ತು. ಫಿಟ್ಟರ್ ಓಡಿ ಮೇನ್ ಆರಿಸುವಷ್ಟರಲ್ಲಿ ತಿರುಪು ಮೊಣಕೈವರೆಗೂ ಬಂದಿತ್ತು. ನನ್ನ ಬಾಯಲ್ಲಿ ಅರಿಶಿನದ ಕಹಿ ಇತ್ತು.

ಸಂಜೆ ಮ್ಯಾನೇಜರ್ ವರದಿಯ ಹಾಳೆ ಮುಂದಿಟ್ಟರು. ಅದರಲ್ಲೊಂದು ಸಾಲು, 'ಅಪಘಾತಕ್ಕೆ ಕಾರಣವಾದ ನಡವಳಿಕೆ'. ದಾರದ ವಿಷಯ ಎತ್ತಿದೆ.

"ಪೂಜೆ ದಾರದಿಂದ ಕೈ ಹೋಯ್ತು ಅಂತ ಬರಿ. ನಾಳೆ ನಿಮ್ಮೂರೋರೇ ನಿನ್ನ ಮುಖಕ್ಕೆ ಉಗೀತಾರೆ" ಎಂದರು. ಆಮೇಲೆ ಮೆತ್ತಗೆ, "ದಿನಾ ಅಲ್ಲೇ ತಿರುಗ್ತಿದ್ದೆಯಲ್ಲ, ಒಂದಿನಾನಾದ್ರೂ ಬರೆದಿದ್ಯಾ?"

'ಯಂತ್ರ ನಿಲ್ಲಿಸದೆ ಕೈ ಹಾಕಿದ್ದು' ಎಂದು ಬರೆದು ಸಹಿ ಮಾಡಿದೆ. ಗ್ಲೌಸಿನ ಮಾತೂ ಬರೆಯಲಿಲ್ಲ.

ಕೋಲಾರದ ಆಸ್ಪತ್ರೆಯಲ್ಲಿ ದೊಡ್ಡಮ್ಮ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. "ಗ್ಲೌಸ್ ಹಾಕ್ಕೊಂಡಿದ್ದೆ ಅಂತ ಬರ್ದೆ ತಾನೆ?"

"ಬರ್ದೆ ದೊಡ್ಡಮ್ಮ."

"ಹಂಗಾದ್ರೆ ಫೋಟೋ ತೆಗೀತಾರೆ ಬಿಡು."

ತೆಗೆಯಲಿಲ್ಲ. ಸೀಸನ್ ಮುಗಿಯುವವರೆಗೂ ಬೆಳಗಿನ ಸಭೆ ಅದರ ಮುಂದೆಯೇ ನಡೆಯಿತು. ನಾನು ಅದನ್ನು ಕೋಲಿನಿಂದ ತೋರಿಸಿ ಪಾಠ ಹೇಳುತ್ತಿದ್ದೆ. ಕೆಲಸ ಬಿಡಲಿಲ್ಲ. ಊರಿನಲ್ಲಿ ದೊಡ್ಡಮ್ಮ ಜಗಲಿಯಲ್ಲಿ ಕೂತಿರುತ್ತಿದ್ದರು, ಖಾಲಿ ತೋಳಿನ ಮೇಲೆ ಸೆರಗು ಹೊದ್ದು. "ತೆಗೆದ್ರೇನೇ?" ಎಂದು ಕೇಳುವರು. "ತೆಗೆದ್ರು" ಎನ್ನುವೆ. ಅದೇ ಕಾರ್ಖಾನೆಗೆ ಹೋಗುವ ಹೆಂಗಸರು ಅದೇ ಬೀದಿಯಲ್ಲಿದ್ದರು, ದೊಡ್ಡಮ್ಮನಿಗೆ ನಿಜ ಗೊತ್ತಿತ್ತು ಅನ್ನಿಸುತ್ತದೆ. ಆದರೂ ಕೇಳುತ್ತಿದ್ದರು... ಕೊನೆಕೊನೆಗೆ ನಾನು ಹಿಂದಿನ ಓಣಿಯಿಂದ ಮನೆ ಸೇರತೊಡಗಿದೆ. ರಾತ್ರಿ ಕಣ್ಣು ಹತ್ತುವಾಗಲೆಲ್ಲ "ಅಯ್ಯೋ, ಬಿಡು" ಎಂಬ ದನಿಗೆ ಎದ್ದು ಕೂರುತ್ತಿದ್ದೆ.

ಮೂರನೆಯ ಚಳಿಗಾಲದಲ್ಲಿ ಜ್ವರ ಬಂದು ದೊಡ್ಡಮ್ಮ ಹೋದರು. ದೊಡ್ಡಪ್ಪ ನಮ್ಮ ಬಾಗಿಲಿಗೆ ಬಂದು ನಿಂತರು. "ತಿಥಿಗೆ ಇಡಕ್ಕೆ ಒಂದು ಫೋಟೋನೂ ಇಲ್ಲಮ್ಮ. ನಿನ್ ಫೋನಾಗೆ ಐತಂತಲ್ಲ, ಎರಡೂ ಕೈ ಇರೋದು."

ಕಳಿಸಿಕೊಟ್ಟೆ. ಚೌಕಟ್ಟು ಹಾಕಿಸಿ, ಸೇವಂತಿಗೆ ಹಾರ ಹಾಕಿ ಗೋಡೆಗೊರಗಿಸಿದ್ದರು. ಟೋಪಿ, ನಗು, ರಸ ಸುರಿಯುವ ಎರಡು ಕೈ. ಎಲ್ಲರೂ ಅಡ್ಡಬೀಳುತ್ತಿದ್ದರು, ನಾನೂ ಬಿದ್ದೆ.

ಕಳೆದ ವಾರ ಆ ಗ್ಲೌಸ್ ಅಂಗಡಿಯವನಿಗೆ ಬೇಡವೆಂದು ಹೇಳಿ ಬಸ್ಸು ಹತ್ತಿದೆ. ಮನೆಗೆ ಬಂದು ಆ ಫೋಟೋ ಹುಡುಕಿದೆ. ಹಳೆಯ ಫೋನಿನೊಂದಿಗೆ ಹೋಗಿತ್ತು. ಈಗ ಅದಿರುವುದು ದೊಡ್ಡಪ್ಪನ ಗೋಡೆಯಲ್ಲಿ ಮಾತ್ರ. ಆ ಮನೆಗೆ ನಾನು ಹೋಗುವುದಿಲ್ಲ.

ತಿಥಿಯ ದಿನ ವಡೆ ಪಾಯಸ ಉಂಡು ಬಂದು ಚಾಪೆ ಹಾಸಿಕೊಂಡೆ. ಎಚ್ಚರವಾದಾಗ ಮುಖದ ಮೇಲೆ ಬಿಸಿಲಿತ್ತು. ಎರಡೂವರೆ ವರ್ಷದಲ್ಲಿ ಮೊದಲ ಸಲ ಇಡೀ ರಾತ್ರಿ ಮಲಗಿದ್ದೆ. ಫೋಟೋ ತೆಗೆದರಾ ಎಂದು ಕೇಳುವವರು ಜಗಲಿಯಲ್ಲಿ ಇನ್ನು ಇರಲಿಲ್ಲ.