ಹೊಸ್ತಿಲ ಮೇಲಿನ ಕೊಡ

ನಮ್ಮ ಮಾವನ ಬಲಗೈಯಲ್ಲಿ ಬೆರಳ ತುದಿಯಿಂದ ಮೊಣಕೈವರೆಗೆ ಒಂದೇ ಒಂದು ಕೂದಲಿರಲಿಲ್ಲ. ಬಲಗಡೆಯ ಹುಬ್ಬೂ ಅರ್ಧ ಮಾತ್ರ ಇತ್ತು. ಮಾನ್ವಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಭತ್ತ ಕುದಿಸುವ ಬಾಯ್ಲರಿಗೆ ವರ್ಷಗಟ್ಟಲೆ ಹೊಟ್ಟು ಹಾಕಿದ ಕೈ ಅದು. ಒಲೆಯ ಬಾಗಿಲು ತೆರೆದಾಗಲೆಲ್ಲ ಬೆಂಕಿ ಹೊರಗೆ ನುಗ್ಗಿ ಅಷ್ಟಿಷ್ಟು ನೆಕ್ಕಿಕೊಂಡು ಹೋಗಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅವರ ಮುಖ ನೋಡಿ ಮಾತಾಡಿದವಳಲ್ಲ. ತಲೆ ಬಗ್ಗಿಸಿ ಚಹಾ ಕೊಡುವಾಗ ಕಾಣುತ್ತಿದ್ದದ್ದು ಆ ಕೈ ಮಾತ್ರ. ಹಾಗಾಗಿ ಮಾವ ಅಂದರೆ ನನಗೆ ಇವತ್ತಿಗೂ ಮೊದಲು ಕಾಣುವುದು ಅದೇ.

ಮಾತು ಬಹಳ ಕಡಿಮೆ. ಆದರೆ ಒಂದು ಚಾಳಿ ಇತ್ತು. ಕೊಡ, ಹಂಡೆ, ಎಣ್ಣೆ ಡಬ್ಬಿ, ಏನು ಕಂಡರೂ ಬೆರಳ ಗಂಟಿನಿಂದ ಒಮ್ಮೆ ಬಡಿದು, ಒಳಗೆ ಎಷ್ಟಿದೆ ಎಂದು ದನಿಯಲ್ಲೇ ಹೇಳಿಬಿಡುತ್ತಿದ್ದರು. ಬಾಯ್ಲರಿನ ನೀರಿನ ಮಟ್ಟ ತೋರಿಸಲು ಪಕ್ಕದಲ್ಲಿ ಒಂದು ಗಾಜಿನ ಕೊಳವೆ ಇರುತ್ತದಂತೆ. ದಿನವೆಲ್ಲ ಅದರ ಮೇಲೆ ಕಣ್ಣಿಡುವುದು ಅವರ ಕೆಲಸ. "ಬೆಂಕಿ ಯಾರ ಬೇಕಾದ್ರೂ ಹಾಕ್ತಾರ, ನೀರು ನೋಡೋ ಕೆಲಸ ನಂದು" ಎಂದು ಒಮ್ಮೆ ನನ್ನ ಗಂಡನಿಗೆ ಹೇಳಿದ್ದನ್ನು ಒಲೆಯ ಮುಂದೆ ಕೂತು ಕೇಳಿಸಿಕೊಂಡಿದ್ದೆ. ಅದರ ಅರ್ಥ ತಿಳಿಯಲು ನಾನು ಹಡೆಯಬೇಕಾಯಿತು.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು ಎಂಬುದು ಎಲ್ಲರೂ ಬಲ್ಲದ್ದು. ನನ್ನ ತವರು ಗುಂಜಹಳ್ಳಿ. ಅಲ್ಲಿ ನನ್ನವ್ವ ಇರಲಿಲ್ಲ, ನಾನು ಒಂಬತ್ತು ವರ್ಷದವಳಿದ್ದಾಗಲೇ ಹೋಗಿದ್ದಳು. ಅಣ್ಣನ ಹೆಂಡತಿಗೂ ದಿನ ತುಂಬಿದ್ದವು. ಒಂದೇ ಮನೆಯಲ್ಲಿ ಇಬ್ಬರು ಬಾಣಂತಿಯರನ್ನು ಯಾರು ನೋಡಬೇಕು? ಇತ್ತ ಗಂಡನ ಮನೆಯಲ್ಲೂ ಅತ್ತೆ ಇಲ್ಲ. ಗಂಡ ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್, ವಾರಕ್ಕೊಮ್ಮೆ ಬಸ್ಸಿಗೆ ಬರುವವರು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಎರಡು ಕಡೆಯೂ ಹೆಣ್ಣು ದಿಕ್ಕಿಲ್ಲದೆ ನಾನು ಮಾನ್ವಿಯಲ್ಲೇ ಹಡೆದೆ. ಹೆಣ್ಣು ಕೂಸು.

ಆಗ ದೇವದುರ್ಗದಿಂದ ಬಂದವರು ಮಾವನ ಅಕ್ಕ. ನಾನು ದೊಡ್ಡತ್ತಿ ಎನ್ನುತ್ತಿದ್ದೆ. ತಾಯಿ ಸತ್ತ ಮೇಲೆ ಮಾವನನ್ನು ಸಾಕಿದವರು ಅವರೇ, ಮುಂದೆ ನನ್ನ ಗಂಡನನ್ನು ಸಾಕಿದವರೂ ಅವರೇ. ಮಾವ ಅವರ ಎದುರು ದನಿ ಎತ್ತಿದ್ದನ್ನು ಮಾನ್ವಿಯಲ್ಲಿ ಒಬ್ಬರೂ ಕಂಡಿರಲಿಲ್ಲ. ಬಂದ ದಿನವೇ ದೊಡ್ಡತ್ತಿ ನನ್ನ ಕೋಣೆಯ ಕಿಟಕಿಗೆ ಗೋಣಿತಟ್ಟು ಬಡಿದರು. ಹೊರಸಿನ ಕೆಳಗೆ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ಇಟ್ಟರು. ನನ್ನ ಕಿವಿಗೆ ಹತ್ತಿ, ತಲೆಗೆ ಉಣ್ಣೆ ಬಟ್ಟೆ. ಅವರ ಕೈಯ ಗುಣ ಮಾತ್ರ ದೊಡ್ಡದು. ಎಣ್ಣೆ ಹಚ್ಚಿ ಸೊಂಟ ನೀವಿದರೆ ಹಡೆದ ನೋವು ಅರ್ಧ ಇಳಿಯುತ್ತಿತ್ತು. ಬಳ್ಳೊಳ್ಳಿ ಹಾಕಿದ ಸಬ್ಬಸಗಿ ಪಲ್ಯ, ಬಿಸಿ ರೊಟ್ಟಿ, ಅಂಟಿನುಂಡಿ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಕೊರತೆ ಒಂದಕ್ಕೇ, ಕುಡಿಯುವ ನೀರಿಗೆ. ಅಜವಾನ ಹಾಕಿ ಕಾಸಿದ ನೀರು ಮುಂಜಾನೆ ಒಂದು ಸಣ್ಣ ಲೋಟ, ಸಂಜೆ ಒಂದು.

"ಇನ್ನೊಂದೀಟು ಕೊಡ್ರಿ ದೊಡ್ಡತ್ತಿ," ಎಂದು ಕೇಳಿದರೆ, "ಸುಮ್ನ ಮಲಕೋ. ಮೈ ಹಸಿ ಅದ. ನೀರು ಕುಡದ್ರ ಹೊಟ್ಟಿ ಬರ್ತದ, ಬಾವು ಬರ್ತದ. ನಾ ಏನು ನಿನ್ನ ವೈರಿ ಏನು?" ಎನ್ನುತ್ತಿದ್ದರು. ವೈರಿಯಲ್ಲ. ಅವರಿಗೆ ಅವರ ಹಿರಿಯರು ಹಾಗೇ ಮಾಡಿದ್ದರು, ಅಷ್ಟೇ.

ಮಾವ ಬಾಣಂತಿ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. ಹೊರಗಿನ ಕೆಲಸ ಅವರದು. ಮಿಲ್ಲಿನಿಂದ ಹೊಟ್ಟು ಹೊತ್ತು ತಂದು ನಮ್ಮ ಸ್ನಾನದ ಹಂಡೆಗೆ ಉರಿ ಹಾಕುವುದು, ಎಡ ಮೊಣಕೈ ಅದ್ದಿ ಹದ ನೋಡುವುದು (ಬಲಗೈಗೆ ಬಿಸಿ ತಿಳಿಯುತ್ತಿರಲಿಲ್ಲ), ಕೂಸಿನ ಬಟ್ಟೆ ಒಗೆದು ಅಂಗಳದ ಹಗ್ಗಕ್ಕೆ ಹಾಕುವುದು. ಗಂಡಸು ಕೂಸಿನ ಬಟ್ಟೆ ಒಗೆಯುವುದು ಓಣಿಗೆ ನಗೆಯ ವಿಷಯ. ಮಿಲ್ಲಿನ ಹಮಾಲರು ಮನೆಯ ಮುಂದೆ ಹಾಯುವಾಗ ಕೂಗುತ್ತಿದ್ದರು:

"ಏನ್ ಕಾಕಾ, ಸೊಸಿ ಬಾಣಂತನ ನೀನೇ ಮಾಡಾಕತ್ತೀಯಂತ? ಹಾಲೂ ನೀನೇ ಕುಡಸ್ತೀಯೇನು?"

"ಅದೊಂದು ಬರಾಂಗಿಲ್ಲಪ್ಪ. ಉಳಿದದ್ದೆಲ್ಲ ಬರ್ತದ," ಎಂದು ಮಾವ ಬಟ್ಟೆ ಹಿಂಡುತ್ತಿದ್ದರು. ಒಳಗೆ ನಾನು ಸೆರಗು ಬಾಯಿಗಿಟ್ಟು ನಗುತ್ತಿದ್ದೆ.

ಆರನೆಯ ದಿನದ ಹೊತ್ತಿಗೆ ನಗು ನಿಂತಿತ್ತು. ತುಟಿ ಒಡೆದಿದ್ದವು, ತಲೆ ಸಿಡಿಯುತ್ತಿತ್ತು. ಉಚ್ಚೆ ಹೋದರೆ ಉರಿ. ಎದೆಯಲ್ಲಿ ಹಾಲು ಬತ್ತಿಹೋಗಿತ್ತು. ಕೂಸು ಕಚ್ಚಿ ಎಳೆದು, ಸಿಗದೆ ಅತ್ತು, ಆಮೇಲೆ ಅಳುವುದನ್ನೂ ಬಿಟ್ಟು ನಿದ್ದೆ ಹೋಗುತ್ತಿತ್ತು. "ನೋಡು, ಎಷ್ಟು ಶಾಣ್ಯಾ ಕೂಸು," ಎಂದರು ದೊಡ್ಡತ್ತಿ. ಏಳನೆಯ ದಿನ ನಾನು ಜ್ವರದಲ್ಲಿ ಗೋಡೆಯ ಕಡೆ ತಿರುಗಿ ನನ್ನವ್ವನ ಜೊತೆ ಮಾತಾಡುತ್ತಿದ್ದೆನಂತೆ.

ಅವತ್ತು ಮಧ್ಯಾಹ್ನ ಊಟಕ್ಕೆ ಬಂದ ಮಾವ ಅಂಗಳದಲ್ಲೇ ನಿಂತುಬಿಟ್ಟರು. ಆಮೇಲೆ ಬಾಗಿಲ ಹೊರಗಿಂದ ಅವರ ದನಿ ಕೇಳಿಸಿತು.

"ಯಕ್ಕಾ, ಕೂಸಿನ ಬಟ್ಟಿ ಯಾಕ ಕಮ್ಮಿ ಆಗ್ಯಾವ? ಮೊನ್ನೆ ಹಗ್ಗ ತುಂಬ ಇದ್ವು. ಇವತ್ತು ಎರಡೇ ಅದಾವ."

"ಗಂಡಸು ನಿನಗ್ಯಾಕ ಕೂಸು ಉಚ್ಚಿ ಹೊಯ್ಯೋ ಲೆಕ್ಕ? ಹೋಗಿ ನಿನ್ನ ಹೊಟ್ಟು ನೋಡ್ಕೋ ಹೋಗು."

"ಕೂಸಿಗೆ ಹಾಲು ಸಿಗವಲ್ದು ಯಕ್ಕಾ. ಸೊಸಿಗೆ ನೀರು ಎಷ್ಟು ಕೊಡಾಕತ್ತೀ?"

"ಎಷ್ಟು ಕೊಡಬೇಕೋ ಅಷ್ಟು. ನನಗ ಕಲಸಾಕ ಬಂದೀ ಏನಲೇ ತಮ್ಮಾ?"

"ಕೆಳಗ ಬೆಂಕಿ ಇಟ್ಟೀ, ಮ್ಯಾಲ ನೀರು ಬಂದ್ ಮಾಡೀ. ಮಿಲ್ಲಿನಾಗ ನಾ ಹಿಂಗ ಮಾಡಿದ್ರ ಎಲ್ಲಾರೂ ಸಾಯ್ತಾರ."

"ಹೆಣ್ಣುಮಗಳಂದ್ರ ನಿನ್ನ ಬಾಯ್ಲರೇನಲೇ?"

"ಬಾಯ್ಲರು ಒಡದ್ರ ಹೊಸಾದು ತರ್ತಾರ," ಎಂದರು ಮಾವ.

ಆಮೇಲೆ ಮಾವ ಹೇಳಿದ್ದು ನನಗೆ ಆ ಜ್ವರದಲ್ಲೂ ಸ್ಪಷ್ಟವಾಗಿ ಕೇಳಿಸಿತು. "ಆಕಿನೂ ನೀರು ಕೇಳಿದ್ಲು ಯಕ್ಕಾ. ಇದ ಕೋಣ್ಯಾಗ, ಹಿಂಥಾದ್ದ ಬ್ಯಾಸಗ್ಯಾಗ. ನೀ ಬ್ಯಾಡಂದಿ. ನಾ ಕೊಡಲಿಲ್ಲ."

ಆಕಿ ಅಂದರೆ ನನ್ನ ಅತ್ತೆ. ಎರಡನೆಯ ಬಾಣಂತನದಲ್ಲಿ ಹೋದವರು ಎಂಬುದಷ್ಟೇ ನನಗೆ ಗೊತ್ತಿತ್ತು. ಹೇಗೆ ಎಂದು ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನೀರು ಕೊಟ್ಟಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಅದು ಮಾವನಿಗೂ ಗೊತ್ತಿರಲಿಲ್ಲ. ಕೇಳಿದ್ದು ಗೊತ್ತಿತ್ತು, ಕೊಡದೇ ಇದ್ದದ್ದು ಗೊತ್ತಿತ್ತು.

ಬಾಗಿಲು ಅರ್ಧ ತೆರೆಯಿತು. ಮಾವ ಕೋಣೆಗೆ ಬೆನ್ನು ಮಾಡಿ ನಿಂತಿದ್ದರು. ಕೂದಲಿಲ್ಲದ ಆ ಬಲಗೈ ಮಾತ್ರ ಹಿಂದಕ್ಕೆ ಚಾಚಿ ಒಳಗೆ ಬಂತು. ಕೈಯಲ್ಲಿ ತುಂಬಿದ ಚಂಬು. "ತಗೋ ಯವ್ವಾ," ಎಂದರು.

ನಾನು ದೊಡ್ಡತ್ತಿಯ ಮುಖ ನೋಡಿದೆ. ಅವರು ಬೇಡ ಎಂದಿದ್ದರೆ ತೆಗೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ದೊಡ್ಡತ್ತಿ ಹೊಸ್ತಿಲ ಹತ್ತಿರ ಕುಸಿದು ಕೂತಿದ್ದರು. ಸೆರಗಿನಿಂದ ಮೂಗು ಒರೆಸಿಕೊಂಡು, "ತಣ್ಣೀರು ಕೊಡಬ್ಯಾಡ, ಕಾಸಿ ಆರಿಸಿದ್ದು ಕೊಡು," ಎಂದರು.

"ಕಾಸೇ ತಂದೀನಿ."

ದೊಡ್ಡತ್ತಿ ತಾವೇ ಎದ್ದು ಆ ಕೈಯಿಂದ ಚಂಬು ತೆಗೆದುಕೊಂಡು ನನ್ನ ತಲೆ ಎತ್ತಿ ಹಿಡಿದು ಕುಡಿಸಿದರು. ಅರ್ಧ ನನ್ನ ಎದೆಯ ಮೇಲೆ ಚೆಲ್ಲಿತು. ಹೊರಸಿನ ಕೆಳಗಿನ ಕೆಂಡದ ಬುಟ್ಟಿಯನ್ನು ಹೊರಗೆ ನೂಕಿದವರೂ ಅವರೇ. ಮಾವ ಊಟ ಬಿಟ್ಟು ಸರ್ಕಾರಿ ದವಾಖಾನೆಗೆ ಹೋಗಿ ನರ್ಸಮ್ಮನನ್ನು ಕರೆತಂದರು. ಆಕೆ ಜ್ವರಕ್ಕೆ ಗುಳಿಗೆ ಕೊಟ್ಟು, ಕಿಟಕಿಯ ಗೋಣಿತಟ್ಟು ಕಿತ್ತುಹಾಕಿಸಿ, ಬಾಯಾರಿದಾಗಲೆಲ್ಲ ನೀರು ಕುಡಿಯಲು ಹೇಳಿ ಹೋದಳು. ಎರಡು ದಿನಕ್ಕೆ ಹಾಲು ಇಳಿಯಿತು. ನಾಲ್ಕನೆಯ ದಿನ ಅಂಗಳದ ಹಗ್ಗ ತುಂಬಿತು.

ನರ್ಸಮ್ಮ ಬಂದುಹೋದ ಮರುದಿನದಿಂದಲೇ ಮಾವ ಒಂದು ತಾಮ್ರದ ಕೊಡಕ್ಕೆ ಕಾಸಿ ಆರಿಸಿದ ನೀರು ತುಂಬಿ ಹೊಸ್ತಿಲ ಮೇಲೆ ಇಡತೊಡಗಿದ್ದರು. ಒಳಗಿನಿಂದ ನನ್ನ ಕೈಗೆ ಎಟುಕಬೇಕು, ಹೊರಗಿನಿಂದ ಅವರ ಕೈಗೆ ಎಟುಕಬೇಕು. ಮಿಲ್ಲಿಗೆ ಹೋಗುವಾಗ ಒಮ್ಮೆ, ಊಟಕ್ಕೆ ಬಂದಾಗ ಒಮ್ಮೆ, ಸಂಜೆ ಒಮ್ಮೆ ಒಳಗೆ ನೋಡದೆ ಬಡಿಯುತ್ತಿದ್ದರು. ದನಿ ಗಟ್ಟಿಯಾಗಿ ಮೊಳಗಿದರೆ ನಾನು ಕುಡಿದಿದ್ದೇನೆ ಎಂದು ಅರ್ಥ, ಸುಮ್ಮನೆ ತುಂಬಿ ಹೋಗುವರು. ಮಂದ ದನಿ ಬಂದರೆ ಅಲ್ಲೇ ನಿಂತು ಕೆಮ್ಮುವರು. ನಾನು ಲಗುಬಗೆಯಿಂದ ಒಂದು ಲೋಟ ಬಗ್ಗಿಸಿಕೊಳ್ಳುವೆ.

ದೊಡ್ಡತ್ತಿ ಒಂದು ವಾರ ತಮ್ಮನ ಜೊತೆ ನೇರ ಮಾತಾಡಲಿಲ್ಲ. "ಆ ಬಾಯ್ಲರನವಗ ಹೇಳು, ರೊಟ್ಟಿ ಆಗ್ಯಾವ ಅಂತ," ಎಂದು ಹೊಸ್ತಿಲ ಆಚೆಯೇ ಕೂತ ಮಾವನಿಗೆ ಕೇಳುವಂತೆ ನನಗೆ ಹೇಳುತ್ತಿದ್ದರು. ಆದರೂ ಅರ್ಧಕ್ಕೆ ಬಿಟ್ಟು ಹೋಗಲಿಲ್ಲ. ನಲವತ್ತು ದಿನ ನನ್ನ ಮೈ ತೊಳೆದರು. ದೇವದುರ್ಗದ ಬಸ್ಸು ಹತ್ತುವಾಗ ತಮ್ಮನಿಗೆ ಹೇಳಿದರಂತೆ: "ಮುಂದಿನ ಬಾಣಂತನಕ್ಕೂ ನಾನೇ ಬರ್ತೀನಿ. ಕೊಡ ನೀ ತುಂಬು." ಬಂದರು. ಗಂಡು ಹುಟ್ಟಿತು. ಕೊಡ ಮಾವನೇ ತುಂಬಿದರು.

ಎಂಬತ್ತರ ದಶಕದ ನಡುವಿನಲ್ಲಿ ಮಾವನ ಎದೆ ಕೆಟ್ಟಿತು. ಹೊಟ್ಟಿನ ಹೊಗೆ, ಬೂದಿ, ಅಷ್ಟು ವರ್ಷದ್ದು. ಅಷ್ಟರಲ್ಲಿ ನಾನೂ ಮಕ್ಕಳೂ ಗಂಡನ ಜೊತೆ ರಾಯಚೂರಿನಲ್ಲಿ ನೆಲೆಸಿದ್ದೆವು, ಅವರನ್ನೂ ಅಲ್ಲಿಗೇ ಕರೆತಂದೆವು. ಸಾಮಾನಿನ ಜೊತೆ ಆ ಕೊಡವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದರು. ಕೊನೆಯ ತಿಂಗಳುಗಳಲ್ಲಿ ಅದು ಅವರ ಹಾಸಿಗೆಯ ಪಕ್ಕದಲ್ಲಿತ್ತು. ತುಂಬುವ ಸರದಿ ನನ್ನದು. ಮಲಗಿದಲ್ಲಿಂದಲೇ ಕೈ ಚಾಚಿ ಬಡಿಯುತ್ತಿದ್ದರು. ಒಂದು ಮುಂಜಾನೆ ನಾನು ತುಂಬಿ ತಂದಿಟ್ಟಾಗ ಬೆರಳು ಎತ್ತಲು ಆಗಲಿಲ್ಲ. ಅವರ ಕೈ ಹಿಡಿದು ನಾನೇ ಬಡಿಸಿದೆ. ಮಂದ ದನಿ ಬಂತು. "ತುಂಬ್ಯಾದ," ಎಂದರು. ಅವತ್ತು ಮಧ್ಯಾಹ್ನ ಹೋದರು.

ಆಮೇಲೆ ನಮ್ಮ ಓಣಿಯಲ್ಲಿ ತವರಿಗೆ ಹೋಗಲಾಗದ ಎಷ್ಟೋ ಹುಡುಗಿಯರ ಬಾಣಂತನಕ್ಕೆ ಹೋಗಿದ್ದೇನೆ. ಎಣ್ಣೆ ಹಚ್ಚುವುದು, ನೀವುವುದು ದೊಡ್ಡತ್ತಿಯಿಂದ ಕಲಿತದ್ದು. ಆದರೆ ಹೋದ ಕೂಡಲೇ ಮಾಡುವ ಕೆಲಸ ಒಂದೇ. ಮೊನ್ನೆ ಒಬ್ಬ ಹುಡುಗಿ ಕೇಳಿದಳು, "ಆಂಟಿ, ಕೊಡ ಒಳಗ ಇಡ್ರಿ, ಇಲ್ಲಾ ಹೊರಗ ಇಡ್ರಿ. ಹೊಸ್ತಿಲ ಮ್ಯಾಲ ಯಾಕ? ಎಲ್ಲಾರೂ ಎಡವ್ತಾರ."

"ಎಡವಲಿ ಬಿಡವ್ವ," ಎಂದೆ. "ಅದು ನಮ್ಮ ಮಾವ ನಿಲ್ಲೋ ಜಾಗ."